ಮಾಸ್ತರರ ಡೊಂಕು ಬೆರಳು

ಮಾಸ್ತರರ ಬಲಗೈ ತೋರುಬೆರಳು ಕೊನೆಯ ಗೆಣ್ಣಿನವರೆಗೆ ನೆಟ್ಟಗಿದ್ದು, ಅಲ್ಲಿಂದ ಬಲಕ್ಕೆ ಡೊಂಕಾಗಿತ್ತು. ಧಾರವಾಡದ ಶಾಲೆಯಲ್ಲಿ ಕಿಟಕಿ ಬಡಿದು ಮುರಿದದ್ದಂತೆ. ನಕ್ಷೆಯಲ್ಲಿ ಅವರು ತೋರಿಸುವ ಊರು ಯಾವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಓದಲೆಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಂದ ನಾನು ಅವರ ಮಗಳ ಮನೆಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಲಸ ಸಿಕ್ಕಿ ಬೇರೆ ಮನೆ ಮಾಡಿದ ಮೇಲೂ ಭಾನುವಾರ ಅವರಲ್ಲಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಇಲ್ಲಿ ಹಿರಿಯರೆಲ್ಲ ಅಂಕಲ್. ಅವರು ಮಾತ್ರ "ನಾ ಯಾರ ಅಂಕಲ್ಲೂ ಅಲ್ಲ, ಮಾಸ್ತರ ಇದ್ದೀನಿ" ಎಂದು ಗದರುತ್ತಿದ್ದರು. ಜೀವನವಿಡೀ ಭಾರತದ ಇತಿಹಾಸ ಕಲಿಸಿದವರಿಗೆ ಇಲ್ಲಿ ಹಳೆಯ ಜಪಾನಿನ ಹುಚ್ಚು ಹಿಡಿದಿತ್ತು. ಯಾಕೆಂದು ಕೇಳಿದರೆ, "ಲೈಬ್ರರ್ಯಾಗ ದಪ್ಪ ಅಕ್ಷರದ ಪುಸ್ತಕ ಅದೊಂದ ಇತ್ತು, ತಂಗಿ."

"ಚಕ್ರವರ್ತಿ ಕ್ಯೋಟೋದಾಗ, ಅಧಿಕಾರ ಎಡೋದಾಗಿನ ಸೇನಾಪತಿ ಶೋಗನ್ ಕೈಯಾಗ. ಸಾತಾರಾದಾಗ ಛತ್ರಪತಿ, ಪುಣೇದಾಗ ಪೇಶ್ವೆ ಇದ್ರಲ್ಲ, ಹಂಗ!" ಎನ್ನುತ್ತ ಕ್ಯೋಟೋ ತೋರಿಸಿದರೆ ಬೆರಳ ತುದಿ ಎಡೋ ಮೇಲಿರುತ್ತಿತ್ತು. ನನ್ನ ತಲೆಯಲ್ಲಿ ಶೋಗನ್ ಇವತ್ತಿಗೂ ಪುಣೇರಿ ಪಗಡಿ ಸುತ್ತಿಕೊಂಡೇ ಕೂತಿದ್ದಾನೆ. ಡೊಂಕು ತುದಿ ಬಿಟ್ಟು ನೆಟ್ಟಗಿನ ಬೆರಳು ನೋಡಬೇಕೆಂದು ಅರ್ಥವಾಗಲು ಒಂದು ಇಡೀ ಚಳಿಗಾಲ ಬೇಕಾಯಿತು.

ಒಂದು ಭಾನುವಾರ ಇಲ್ಲಿಯ ಪೌರತ್ವದ ಅರ್ಜಿ ತುಂಬಿ, ಸಹಿ ಹಾಕಲಾರದೆ ಅವರ ಬಳಿ ಒಯ್ದೆ. ಸಹಿ ಹಾಕಿದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ನನ್ನೂರು ಗದಗಿಗೆ ಹೋಗಿಬರಲು ಅಡ್ಡಿಯಿಲ್ಲವೆಂದು ಗೊತ್ತಿತ್ತು. ಆದರೂ ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಶೋಗನ್ ದೇಶದ ಬಾಗಲಾ ಹಾಕಿದಾಗ ಹೊರಗ ಹೋದವರು ಹೊರಗ ಉಳದ್ರು," ಎಂದರು ಮಾಸ್ತರರು. "ತಿರುಗಿ ಬಂದ್ರ ತಲಿ ಹೋಗತಿತ್ತು. ದೂರದ ಬಂದರದಾಗ ಕುಂತು ಮನಿಗೆ ಪತ್ರಾ ಬರೀತಿದ್ರು."

"ಹಂಗಾರ ಸಹಿ ಹಾಕಬ್ಯಾಡ ಅಂತೀರೇನ್ರಿ?"

"ನಾ ಎಲ್ಲಿ ಹಂಗಂದೆ? ಅವರು ಅಲ್ಲೇ ಮನಿ ಕಟ್ಟಿದ್ರು, ಮಕ್ಕಳನ್ನ ಬೆಳಸಿದ್ರು."

ಬರುವಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತು ಮರಳಿದೆ. ನಿಜ ಹೇಳಬೇಕೆಂದರೆ ಸಿಟ್ಟೂ ಬಂದಿತ್ತು.

ಮುಂದಿನ ಚಳಿಗಾಲಕ್ಕೆ ಅವರು ಆಸ್ಪತ್ರೆ ಸೇರಿದರು. ಮಾತು ನಿಂತುಹೋಗಿತ್ತು. ಅರ್ಜಿ ಇನ್ನೂ ನನ್ನ ಚೀಲದಲ್ಲೇ ಇತ್ತು. ಹಾಸಿಗೆಯ ಪಕ್ಕ ಕುಳಿತು, ಅವರದೇ ಅಟ್ಲಾಸಿನ ಪ್ರಪಂಚದ ನಕ್ಷೆ ಬಿಡಿಸಿ ಹಿಡಿದು, "ಮಾಸ್ತರ್ರ, ನನ್ನ ದೇಶ ಯಾವುದ್ರಿ?" ಎಂದೆ.

ಬಹಳ ಹೊತ್ತು ನೋಡಿ ಬೆರಳಿಟ್ಟರು. ಬೆರಳು ಭಾರತದ ಕಡೆಗೆ ನೆಟ್ಟಗಿತ್ತು. ತುದಿ ನ್ಯೂಜಿಲೆಂಡಿನ ಕಡೆ ಬಾಗಿತ್ತು. ಕಣ್ಣಲ್ಲಿ ಸಣ್ಣ ನಗು. ಮೂರನೆಯ ದಿನ ಹೋಗಿಬಿಟ್ಟರು.

ಆ ವಾರವೇ ಸಹಿ ಹಾಕಿದೆ. ಅಷ್ಟು ವರ್ಷ ನೆಟ್ಟಗಿನ ಬೆರಳನ್ನೇ ನಂಬಿದವಳು ಅಂದು ಡೊಂಕು ತುದಿಯನ್ನು ನಂಬಿದೆ. ಯಾಕೆಂದು ನನಗೇ ಗೊತ್ತಿಲ್ಲ. ತಪ್ಪು ಓದಿದ್ದರೆ ತಲೆಗೆ ಮೊಟಕಿ ಇನ್ನೊಮ್ಮೆ ತೋರಿಸಲು ಮಾಸ್ತರರಿಲ್ಲ, ಅದೇ ದುಃಖ.