ಮೈಕು ಕೊಂಡ ಮಹಾಲಕ್ಷ್ಮಿ

ಕುಂದಗೋಳದ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಮಹಾಲಕ್ಷ್ಮಿ ಬಸ್ಸಿನ ಕಿಟಕಿ ಬಾಜು ಕೂತರೆ ಸಾಕು, ಎರಡೂ ಕೈಯ ಬೆರಳು ಕೂಡಿಸಿ ಚೌಕಟ್ಟು ಮಾಡಿ ಹೊಲಗಳನ್ನು ನೋಡುತ್ತಿದ್ದಳು. ಚೌಕಟ್ಟಿನೊಳಗೆ ಎರಿ ಭೂಮಿ ಕರಿ ನೀರಿನಂತೆ ಹರಿಯುತ್ತಿತ್ತು. ಒಣಹಾಕಿದ ಮೆಣಸಿನಕಾಯಿ ಕೆಂಪು ಮೋಡವಾಗಿ ತೇಲುತ್ತಿತ್ತು. "ಏ ತಂಗಿ, ಇಳಿಯಾಕಿ ಏನ ಇಲ್ಲ?" ಎಂದು ಕಂಡಕ್ಟರ್ ಕೂಗಿದಾಗಲೇ ಎಚ್ಚರ.

ಅವ್ವ ಅಪ್ಪ ಕೂಲಿಗೆ ಹೋಗುವವರು. ಮನೆತನದಲ್ಲಿ ಕಾಲೇಜು ಕಂಡವಳು ಇವಳೇ ಮೊದಲು. ಅವಳ ಮಾಸ್ತರರಾದ ಪುಂಡಲೀಕ ಸರ್ ಒಂದಿನ ಕರೆದು, "ನಮ್ಮ ವಿದ್ಯಾರ್ಥಿ ಚಾನೆಲ್ಲಿಗೆ ಹದಿನೈದು ಸಾವಿರ ಮಂಜೂರಾಗೇದ. ಏನ ತರಬೇಕು, ನೀನ ಆರಿಸು" ಅಂದರು. ಅಂದಿನಿಂದ ಅವಳ ಕನಸಿನ ತುಂಬ ಒಂದೇ ಒಂದು, ಉದ್ದ ಲೆನ್ಸಿನ ಕ್ಯಾಮೆರಾ.

ಅಂಥದೊಂದು ಕ್ಯಾಮೆರಾ ಬಸ್ ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ ನಡೆಸುವ ಫಾತಿಮಾಬಿಯ ಬಳಿ ಮಾರಾಟಕ್ಕಿತ್ತು. ಹಳೆಯದು, ಆದರೆ ಚಲೋ ಇಟ್ಟಿದ್ದಳು. ಸರಿಯಾಗಿ ಹದಿನೈದು ಸಾವಿರ.

"ಈಗ ರೊಕ್ಕ ಕೊಡಬ್ಯಾಡ. ನಾಕ ದಿನ ಒಯ್ದು ನೋಡು" ಅಂದಳು ಫಾತಿಮಾಬಿ.

ಮಹಾಲಕ್ಷ್ಮಿ ಅದನ್ನು ಕೂಸಿನಂತೆ ಎದೆಗವಚಿಕೊಂಡು ಊರಿಗೆ ಬಂದಳು. ಅವಳ ಓಣಿಯಲ್ಲಿ ದುರಗವ್ವ ಎಂಬ ಸೂಲಗಿತ್ತಿ ಇದ್ದಳು. ಎಂಬತ್ತು ದಾಟಿದ ಜೀವ. ಅರ್ಧ ಊರು ಅವಳ ಕೈಯಲ್ಲೇ ಕಣ್ಣು ಬಿಟ್ಟಿದ್ದು. ಸಂಜೆ ಹೊತ್ತು, ಜೋಳದ ಹೊಲದ ಬದುವಿನ ಮೇಲೆ ಮಹಾಲಕ್ಷ್ಮಿ ಅವಳನ್ನು ಕೂರಿಸಿ, ಕ್ಯಾಮೆರಾ ಹಚ್ಚಿ ಮಾತಿಗೆಳೆದಳು. ಗಾಳಿ ಜೋರು ಬೀಸುತ್ತಿತ್ತು. ದುರಗವ್ವ ನಿಧಾನಕ್ಕೆ, ತನ್ನಷ್ಟಕ್ಕೇ ಎಂಬಂತೆ, ಒಂಬತ್ತೇ ದಿನ ಬದುಕಿದ್ದ ತನ್ನ ಚೊಚ್ಚಲ ಮಗಳ ಸುದ್ದಿ ಹೇಳಿದಳು. ಆ ಕೂಸಿಗೆ ಮನಸ್ಸಿನಲ್ಲೇ ಇಟ್ಟಿದ್ದ ಹೆಸರನ್ನೂ ಹೇಳಿದಳು. ಯಾರಿಗೂ ಹೇಳಿರದ ಹೆಸರು.

ಮನೆಗೆ ಬಂದು ವಿಡಿಯೋ ಹಾಕಿ ನೋಡಿದರೆ ಚಿತ್ರ ಕಣ್ಣು ಕೀಳಲಾರದಷ್ಟು ಚಂದ. ಮುದುಕಿಯ ಒಂದೊಂದು ನೆರಿಗೆಯಲ್ಲೂ ಇಳಿಹೊತ್ತಿನ ಬಂಗಾರ. ಆದರೆ ತುಟಿಗಳು ಅಲುಗುತ್ತಿದ್ದವು, ಮಾತಿಲ್ಲ. ಬರೀ ಗಾಳಿ, ಜೋಳದ ಗರಿಯ ಸದ್ದು. ಮಹಾಲಕ್ಷ್ಮಿ ನಾಲ್ಕು ಸಲ ಹಾಕಿದಳು. ಐದನೇ ಸಲ ಅಳು ಬಂತು.

ಮರುದಿನ ಕ್ಯಾಮೆರಾ ತಿರುಗಿ ಕೊಡುತ್ತ, "ಚಾಚಿ, ಇದು ಬ್ಯಾಡ್ರಿ. ಫೋನ್ ಎಲ್ಲಾರ ಹತ್ರಾನೂ ಐತಿ, ಚಿತ್ರ ಅದರಾಗ ತಗೀತೀವಿ. ಮೈಕ್ ಸಿಗತೈತೇನ್ರಿ?" ಅಂದಳು.

ಬಂದ ಗಿರಾಕಿ ಕೈತಪ್ಪಿತ್ತು, ಆದರೂ ಫಾತಿಮಾಬಿ ಮುಖ ಸಿಂಡರಿಸಲಿಲ್ಲ. "ಮೂವತ್ತ ವರ್ಷ ಮದುವಿ ಫೋಟೋ ತಗದೇನಿ. ಒಬ್ಬ ಮದುಮಗಳಾದ್ರೂ ಏನ ಅಂದ್ಲು ಅನ್ನೂದು ನನಗ ಗೊತ್ತಿಲ್ಲ" ಎಂದು ನಕ್ಕು, ಹುಬ್ಬಳ್ಳಿಗೆ ತಾನೇ ಕರೆದುಕೊಂಡು ಹೋದಳು. ಸೆರಗಿಗೆ ಸಿಗಿಸುವ ಎರಡು ಮೈಕು, ಗಾಳಿ ತಡೆಯಲು ಅವಕ್ಕೆ ತುಪ್ಪಳದ ಟೊಪ್ಪಿಗೆ, ಫೋನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು. ಇಷ್ಟಾದ ಮೇಲೂ ರೊಕ್ಕ ಉಳಿಯಿತು.

ಮತ್ತೆ ದುರಗವ್ವನ ಎದುರು ಕೂತಾಗ ಮಹಾಲಕ್ಷ್ಮಿಗೆ ಆ ಕೂಸಿನ ಹೆಸರು ಮತ್ತೊಮ್ಮೆ ಹೇಳಿಸುವ ಧೈರ್ಯ ಬರಲಿಲ್ಲ. ಒಮ್ಮೆ ತೆರೆದ ಗಾಯ, ಮತ್ತೆ ಮುಟ್ಟುವುದು ಹ್ಯಾಗೆ? ದುರಗವ್ವನೂ ಹೇಳಲಿಲ್ಲ. ಹಳ್ಳ ತುಂಬಿ ಬಂದ ದಿನ ಎತ್ತಿನ ಚಕ್ಕಡಿಯೊಳಗೇ ಹೆರಿಗೆ ಮಾಡಿಸಿದ ಕಥೆ ಹೇಳಿದಳು. ಉಸಿರು, ಬಳೆ, ನಡುವೆ ಎಲೆ ಅಡಿಕೆ ಅಗಿದ ಸದ್ದು, ಎಲ್ಲ ಬಂತು.

ಮುಗಿದ ಮೇಲೆ ಅವಳ ಕಿವಿಗೆ ಇಯರ್‌ಫೋನ್ ಇಟ್ಟು ಕೇಳಿಸಿದಳು. ಮುದುಕಿ ಬೆಚ್ಚಿ, ಮೆಲ್ಲಗೆ ಕಣ್ಣು ಮುಚ್ಚಿ ಕೇಳಿದಳು.

"ಇದು ನಾ ಅಲ್ಲ ಬೇ. ನಮ್ಮವ್ವ ಮಾತಾಡಾಕತ್ಯಾಳ. ಥೇಟ್ ನಮ್ಮವ್ವನ ದನಿ" ಅಂದಳು. "ಅಕಿ ಹೋಗಿ ಅರವತ್ತ ವರ್ಷಾತು. ಎಲ್ಲಿ ಸಿಕ್ಕಳು ನಿನಗ?"

ಮಹಾಲಕ್ಷ್ಮಿ ಮತ್ತೊಮ್ಮೆ ಹಚ್ಚಿದಳು. ದುರಗವ್ವ ತಲೆದೂಗುತ್ತ, ಅಲ್ಲಲ್ಲಿ "ಹೌದ ಬೇ, ಹೌದ" ಎನ್ನುತ್ತ ಕೇಳುತ್ತಲೇ ಇದ್ದಳು.