ಎಣ್ಣೆ ಟ್ಯಾಂಕಿನ ಮಡಿ

ಸುಬ್ರಾಯ ಭಟ್ಟರು ಹೈಡ್ರಾಲಿಕ್ ಟ್ಯಾಂಕಿನ ಮುಚ್ಚಳ ತೆರೆಯುವ ಮೊದಲು ಸ್ನಾನ ಮಾಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಸಾಗರದ ನಮ್ಮ ವರ್ಕ್‌ಶಾಪಿನ ಹಿತ್ತಲ ನಲ್ಲಿಯಲ್ಲಿ ಎರಡು ಬಕೆಟ್ ನೀರು ಸುರಿದುಕೊಂಡು, ಒಗೆದ ಪಂಚೆ ಉಟ್ಟು, ಸ್ಪ್ಯಾನರ್ ಹಿಡಿದು ಬರುವರು. ದಾರಿ ಬಿಡದವನಿಗೆ ಬೈಗುಳ ಗ್ಯಾರಂಟಿ. ಅವರ ಅಪ್ಪ ತೀರ್ಥಹಳ್ಳಿ ಕಡೆಯ ದೇವಸ್ಥಾನವೊಂದರಲ್ಲಿ ಅಡುಗೆ ಮಾಡುತ್ತಿದ್ದವರು. ಮಗ ಮೆಕ್ಯಾನಿಕ್ ಆದರೂ ಮಡಿ ಬಿಡಲಿಲ್ಲ, ಅದನ್ನು ಎಣ್ಣೆ ಟ್ಯಾಂಕಿಗೆ ವರ್ಗಾಯಿಸಿದರು, ಅಷ್ಟೆ.

ನಮ್ಮದು ರಭಸದ ನೀರು ಚಿಮ್ಮಿಸಿ ತುಕ್ಕು ಕೀಳುವ ಯಂತ್ರ. ಆ ನೀರಿನ ನಳಿಗೆಯನ್ನು ಎತ್ತಿ ಇಳಿಸಿ ಅತ್ತಿತ್ತ ಆಡಿಸುವುದು ಹೈಡ್ರಾಲಿಕ್ ಎಣ್ಣೆ. ಯಂತ್ರ ನಡೆಸುವವನು ನಾನು, ಅದರ ಆರೋಗ್ಯ ಭಟ್ಟರದ್ದು. ಎಣ್ಣೆಗೆ ಚೂರು ಮರಳು ಬಿದ್ದರೂ ವಾಲ್ವು ಕೆಡುತ್ತದೆಂದು ಎಲ್ಲ ಮೆಕ್ಯಾನಿಕ್ಕುಗಳಿಗೂ ಗೊತ್ತು. ಭಟ್ಟರಿಗೆ ಮಾತ್ರ ಅದು ಮೈಲಿಗೆ. ಬಿಚ್ಚಿದ ಹೋಸ್ ಪೈಪಿನ ಬಾಯಿಗೆ ತಕ್ಷಣ ಮುಚ್ಚಳ ಹಾಕದಿದ್ದರೆ, "ಅದ್ಕೆ ಮಾನ ಮರ್ಯಾದೆ ಇಲ್ವನಾ?" ಎಂದು ಕೂಗುವರು. ಕೈ ಒರೆಸುವ ಹತ್ತಿವೇಸ್ಟು ನೂಲು ಬಿಡುತ್ತದೆಂದು ಅದಕ್ಕಂತೂ ಟ್ಯಾಂಕಿನ ಸುತ್ತಮುತ್ತ ಪ್ರವೇಶವೇ ಇರಲಿಲ್ಲ.

ನಾನು ಹೊಸನಗರದವನು, ಅಜ್ಜನ ಕಾಲದಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆ ನಮ್ಮದು. ಕೆಲಸಕ್ಕೆ ಸೇರಿದ ದಿನ ಭಟ್ಟರ ಈ ಸಂಭ್ರಮ ನೋಡಿ ದೂರವೇ ನಿಂತೆ.

"ಎಂತಕ್ಕೆ ಅಲ್ಲಿ ನಿಂತಿದ್ದಿ? ಇಲ್ಲಿ ಜಾತಿ ಕೇಳೋರು ಯಾರೂ ಇಲ್ಲೆ ಮಾರಾಯ. ಉಗುರು ತೋರ್ಸು," ಎಂದರು.

ತೋರಿಸಿದೆ. ಮೂರು ಸಲ ಕೈ ತೊಳೆಸಿದರು. ಮರುದಿನ ನಮ್ಮ ಮಾಲೀಕರು ಟ್ಯಾಂಕಿನೊಳಗೆ ಇಣುಕಲು ಹೋದಾಗ ಅವರಿಗೂ ಅದೇ ಶಿಕ್ಷೆ. ಆ ಕ್ಷಣಕ್ಕೇ ನನಗೆ ಭಟ್ಟರ ಮೇಲೆ ಪ್ರೀತಿ ಹುಟ್ಟಿತು.

ಸೋರಿಕೆ ಹುಡುಕಲು ಅವರ ಬಳಿ ಮದುವೆ ಕಾಗದಗಳ ಕಟ್ಟೊಂದಿತ್ತು. ಹೋಸಿನ ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಬೆರಳಿಗೆ ಸೂಜಿಯ ಹಾಗೆ ಹೊಕ್ಕರೆ ಬೆರಳೇ ಹೋದೀತು. ಅದಕ್ಕೇ ಕೈಯ ಬದಲು ದಪ್ಪ ಕಾಗದ ಆಡಿಸುವುದು. ಒಮ್ಮೆ ಎಣ್ಣೆ ಕಾಗದದಲ್ಲಿದ್ದ ವಧುವನ್ನೂ ವರನನ್ನೂ ಸರಿಯಾಗಿ ನಡುವೆ ಸೀಳಿತು. ಮದುವೆಗೆ ಹೋಗದಿದ್ದ ಭಟ್ಟರು ಹುಡುಗಿಯ ಅಪ್ಪನನ್ನು ಪೇಟೆಯಲ್ಲಿ ನಿಲ್ಲಿಸಿ, "ನಿಮ್ಮ ಕಾಗ್ದದಿಂದ ಭಾರಿ ಉಪಕಾರ ಆತು ಮಾರಾಯ್ರೆ. ಇನ್ನೊಬ್ಳು ಮಗಳು ಇದಾಳಾ?" ಎಂದು ಕೇಳಿದರು.

ತುಮರಿ ಕಡೆಯ ಹಿನ್ನೀರಿನ ದಡದಲ್ಲಿ, ಜನರನ್ನು ದಾಟಿಸುವ ಲಾಂಚೊಂದರ ತಳದ ತುಕ್ಕು ಕೀಳುತ್ತಿದ್ದಾಗ ನಮ್ಮ ನಳಿಗೆ ಆಡುವುದು ನಿಂತುಹೋಯಿತು. ಲಾಂಚು ಅರ್ಧ ಹೊಳಪು, ಅರ್ಧ ತುಕ್ಕು. ಜೀಪಿನಿಂದ ಇಳಿದ ಮಾಲೀಕರಿಗೆ ಮೊದಲು ಕಂಡದ್ದು ನನ್ನ ಕೆಸರು ಕೈ.

"ಟ್ಯಾಂಕಿನ ಹತ್ರ ಇರೋನು ಇವ್ನೇ. ಒಳಗೆ ಕಸ ಸಿಕ್ರೆ, ಹಾಕ್ದೋನು ಇವತ್ತೇ ಮನೆಗೆ ಹೋಗ್ಲಿ," ಎಂದು ಹತ್ತು ಜನರ ಎದುರು ಹೇಳಿಬಿಟ್ಟರು. ಮನೆಯಲ್ಲಿ ಎರಡನೇ ಮಗು ಹುಟ್ಟಿ ತಿಂಗಳಾಗಿತ್ತು.

ಭಟ್ಟರು ಹಿನ್ನೀರಿನಲ್ಲಿ ಮುಳುಗೆದ್ದು ಬಂದು ಟ್ಯಾಂಕಿನ ಜಾಲರಿ ಹೊರತೆಗೆದರು. ಅದರ ತುಂಬ ಬಿಳಿ ನೂಲಿನ ಜುಂಗು, ನಡುವೆ ಕೆಂಪು ಅಂಚಿನ ಒಂದೆಳೆ. ಹಿಂದಿನ ದಿನ ಹೊಸ ಎಣ್ಣೆ ಹೊಯ್ಯುವಾಗ ಅವರು ಡಬ್ಬಿಯ ಎಣ್ಣೆಯನ್ನು ನಂಬದೆ, ತಮ್ಮ ಮಡಿ ಪಂಚೆಯಲ್ಲೇ ಸೋಸಿದ್ದರು. ಹತ್ತಿವೇಸ್ಟನ್ನು ಓಡಿಸಿದ ಮನುಷ್ಯನಿಗೆ ಪಂಚೆಯೂ ಹತ್ತಿಯದೇ ಎಂದು ಹೊಳೆದಿರಲಿಲ್ಲ! ಜಾಲರಿಯ ಆ ಎಳೆ ನೋಡಿದ್ದು ನಾವಿಬ್ಬರೇ. ಅವರು ಸುಮ್ಮನಿರಬಹುದಿತ್ತು.

ಜಾಲರಿಯನ್ನು ಮಾಲೀಕರ ಮೂಗಿನ ಹತ್ತಿರ ಹಿಡಿದರು. "ಇದು ನನ್ ಪಂಚೆ. ಅವ್ನ ಕೈ ಅಲ್ಲ," ಎಂದು, ಸಾಕ್ಷಿಗಾಗಿ, ಉಟ್ಟಿದ್ದ ಪಂಚೆಯ ಕೆಂಪು ಅಂಚನ್ನು ಎತ್ತಿದರು. ಸ್ವಲ್ಪ ಜಾಸ್ತಿಯೇ ಎತ್ತಿದರು. ಮಾಲೀಕರು ಮುಖ ತಿರುಗಿಸಿದರು, ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಭಟ್ಟರು ಜಾಲರಿ, ವಾಲ್ವು ಎಲ್ಲ ತೊಳೆದು, ಯಂತ್ರ ನಡೆಸಿಕೊಟ್ಟು, ಬ್ಯಾಗು ಹೆಗಲಿಗೇರಿಸಿದರು.

ಸಾಗರದ ಬಸ್ ನಿಲ್ದಾಣದವರೆಗೆ ನಾನೂ ಹೋದೆ. ಅಳು ತಡೆಯಲಾಗಲಿಲ್ಲ.

"ಎಂತ ಮಾರಾಯ, ಎಮ್ಮೆಕರು ಹಾಂಗೆ," ಎಂದರು. "ನಂಗೆ ಅರವತ್ತೆರಡು. ನಾ ಕೆಲ್ಸ ಬಿಟ್ರೆ ಜನ ರಿಟೈರ್ ಆದ ಅಂತಾರೆ. ನಿಂಗೆ ಮೂವತ್ತು. ನೀ ಬಿಟ್ರೆ ಓಡ್ಸಿದ್ರು ಅಂತಾರೆ."

ತೀರ್ಥಹಳ್ಳಿ ಬಸ್ಸು ಬಂತು. ಕಿಟಕಿ ಸೀಟಿಗಾಗಿ ಕಾಲೇಜು ಹುಡುಗರಿಗಿಂತ ಜೋರಾಗಿ ನುಗ್ಗಿದರು. ಅದೇ ಕೊನೆ. ಹೋದ ವರ್ಷ ಅವರು ತೀರಿಕೊಂಡಾಗ ಮನೆಗೆ ಹೋಗಿದ್ದೆ. ಊರವರೆಲ್ಲ ಭಟ್ಟರು ರಿಟೈರ್ ಆಗಿ ಬಂದಿದ್ದರೆಂದೇ ಮಾತಾಡಿಕೊಳ್ಳುತ್ತಿದ್ದರು. ನಾನೂ ಹೌದೆಂದೆ.