ಅಪ್ಪ ಹೇಳಿದ ಸಾಕ್ಷಿ

ಅಪ್ಪನನ್ನು ಕೈಹಿಡಿದು ಮನೆಗೆ ಕರೆತಂದದ್ದು ನಾನು. ದೇವರು ಬಂದದ್ದು ಆಮೇಲೆ. ಚರ್ಚಿನಲ್ಲಿ ಈ ಮಾತು ಹೇಳಿದರೆ ಇವತ್ತಿಗೂ ಯಾರಿಗೂ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಬಿಡಲಿ.

ಮೊನ್ನೆ ಜಯನಗರದಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಗೋಡೆ ಬಿದ್ದಾಗ ಎದ್ದ ಸುಣ್ಣದ ಗಾರೆಯ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ನಾನೊಬ್ಬಳು ಉಸಿರೆಳೆದುಕೊಂಡು ನಿಂತೆ. ಅದು ನಮ್ಮಪ್ಪನ ಅಂಗಿಯ ವಾಸನೆ. ಅಪ್ಪ ಗಾರೆ ಕೆಲಸದವನು. ನಾನು ಚಿಕ್ಕವಳಿದ್ದಾಗ ಜಯನಗರವೆಂದರೆ ರಾಗಿ ಹೊಲದ ನಡುವೆ ನೆಟ್ಟ ಸೈಟುಕಲ್ಲುಗಳು, ಅಲ್ಲೊಂದು ಇಲ್ಲೊಂದು ಏಳುತ್ತಿದ್ದ ಗೋಡೆ. ನಾವಿದ್ದದ್ದು ಯಡಿಯೂರಿನ ಆಚೆ, ಹೆಂಚು ಹೊದಿಸಿದ ಒಂದೇ ಕೋಣೆಯಲ್ಲಿ. ಹೆಸರಿಗೆ ಕ್ರೈಸ್ತರು, ಅಪ್ಪ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದದ್ದು ಸುಣ್ಣ ಬಳಿಯುವುದಕ್ಕೆ ಮಾತ್ರ. ಸಂಜೆಯಾದರೆ ಹುಣಸೆ ತೋಪಿನೊಳಗೆ ಕದ್ದು ಸಾರಾಯಿ ಮಾರುವ ಗುಡಿಸಲು. ಅವ್ವ ಕರೆಯಲು ಹೋದರೆ ಬೈಗುಳ, ದೊಡ್ಡಪ್ಪ ಹೋದರೆ ಹೊಡೆದಾಟ. ನಾನು ಹೋದರೆ ಮಾತ್ರ ಎದ್ದು ನಿಲ್ಲುತ್ತಿದ್ದ. "ನೋಡ್ರಲಾ, ನಮ್ಮವ್ವ ಬಂದ್ಲು. ಇನ್ನು ನಾನಿರಾಕಿಲ್ಲ." ಸುಣ್ಣ ತಿಂದು ಬಿರಿದ ಅವನ ಕೈ ಹಿಡಿದು, ಹಳ್ಳ ಬಂದಲ್ಲಿ "ಹಳ್ಳ ಐತೆ, ಕಾಲೆತ್ತು" ಎನ್ನುತ್ತಾ ಕರೆತರುತ್ತಿದ್ದೆ. ದಾರಿಯುದ್ದಕ್ಕೂ ನಮಗೆ ಕಟ್ಟಬೇಕೆಂದಿದ್ದ ಮನೆಯ ಮಾತು: ಬಾಗಿಲು ಎಲ್ಲಿ, ಕಿಟಕಿ ಯಾವ ಕಡೆಗೆ, ಅವ್ವನ ಒಲೆ ಎಲ್ಲಿ. ಅವ್ವನಿಗೂ ಹೇಳದ್ದನ್ನು ನನಗೆ ಹೇಳುತ್ತಿದ್ದ. ಕುಡುಕನ ಮಗಳು ಪಾಪ ಎಂದು ಕೇರಿಯವರು ಮರುಗುತ್ತಿದ್ದರು. ನನಗೆ ಅದು ದಿನದಲ್ಲೇ ಒಳ್ಳೇ ಹೊತ್ತು.

ಒಂದು ಬೇಸಿಗೆಯಲ್ಲಿ ಬಯಲಿನಲ್ಲಿ ಪೆಂಡಾಲು ಹಾಕಿ ಹಾಡು, ಬೋಧನೆ, ಪ್ರಾರ್ಥನೆಯ ಉಜ್ಜೀವನ ಕೂಟ ನಡೆಸಿದರು. ನೆರಳಿದೆಯೆಂದು ಮಲಗಲು ಹೋದ ಅಪ್ಪ ಅಳುತ್ತಾ ಮನೆಗೆ ಬಂದ. ತನಗೆ ಪಾಪದಿಂದ ರಕ್ಷಣೆ ಸಿಕ್ಕಿತು ಎಂದ. ಅವ್ವ ನಂಬಲಿಲ್ಲ, ನಾನೂ ನಂಬಲಿಲ್ಲ. ಆದರೆ ಆಮೇಲೆ ಸಾಯುವವರೆಗೂ ಒಂದು ತೊಟ್ಟು ಮುಟ್ಟಲಿಲ್ಲ, ಅವ್ವನ ಮೇಲೆ ಕೈಯೆತ್ತಲಿಲ್ಲ. ಅವ್ವನ ಕೆನ್ನೆ ತುಂಬಿಕೊಂಡಿತು. ಅದು ನಿಜ, ಇಲ್ಲವೆನ್ನಲಾರೆ. ನನ್ನ ಪಾಡು ಮಾತ್ರ ಯಾರಿಗೂ ತಿಳಿಯಲಿಲ್ಲ. ಹೊತ್ತು ಇಳಿದರೆ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದೆ, "ಅವ್ವಾ, ಅಪ್ಪನ್ನ ಕರ್ಕೊಂಡು ಬರ್ಲಾ?" "ಅವ್ರೇ ಬತ್ತಾರೆ ಬುಡೇ. ಹೋಗಿ ಪಾತ್ರೆ ಬೆಳಗು." ಅಪ್ಪ ನೆಟ್ಟಗೆ ನಡೆದು ತಾನೇ ಬರುತ್ತಿದ್ದ. ಮುಖ ತೊಳೆದು ಮೂಲೆಯಲ್ಲಿ ಮೊಣಕಾಲೂರುತ್ತಿದ್ದ. ನನಗೆ ಹೇಳುತ್ತಿದ್ದದ್ದನ್ನೆಲ್ಲ, ಆ ಬಾಗಿಲು ಕಿಟಕಿ ಒಲೆಯನ್ನೂ ಸೇರಿಸಿ, ಈಗ ಕಣ್ಣುಮುಚ್ಚಿ ಆ ದೇವರಿಗೆ ಹೇಳುತ್ತಿದ್ದ. ನಾನು ಗೋಡೆಗೊರಗಿ ಕೇಳಿಸಿಕೊಳ್ಳುತ್ತಿದ್ದೆ. ಕಣ್ಣಿಗೆ ಕಾಣದವನಿಗೆ ಎಲ್ಲ ಕೊಟ್ಟು, ಎದುರಿಗಿದ್ದ ಮಗಳನ್ನು ಮರೆತಿದ್ದ.

ಆಮೇಲೊಂದು ಭಾನುವಾರ ಅಪ್ಪ ಚರ್ಚಿನಲ್ಲಿ ಸಾಕ್ಷಿ ಹೇಳಲು ನಿಂತ. ಪಾಪದಿಂದ ಬಿಡಿಸಿಕೊಂಡವರು ತಮ್ಮ ಕಥೆಯನ್ನು ಎಲ್ಲರ ಮುಂದೆ ಹೇಳುವುದು ನಮ್ಮಲ್ಲಿ ರೂಢಿ. "ಕುಡಿದು ದಾರಿ ಕಾಣದೆ ಬಿದ್ದಿದ್ದ ನನ್ನ ಕೈಹಿಡಿದು ಮನೆಗೆ ನಡೆಸಿದವನು ಕರ್ತನು" ಎಂದ. ಎಲ್ಲರೂ "ಸ್ತೋತ್ರ" ಎಂದರು. ನಾನು ಎದ್ದು ನಿಂತೆ.

"ಅವನಲ್ಲ ಅಪ್ಪಾ, ನಾನು! ತೋಪಿಂದ ಕರ್ಕೊಂಡು ಬತ್ತಿದ್ದೋಳು ನಾನು!"

ಹೆಂಗಸರ ಕಡೆ ಕಿಸಕ್ಕೆಂದು ನಗು. ಅವ್ವ ತೊಡೆ ಚಿವುಟಿ ಕೂರಿಸಿದಳು. ಆರಾಧನೆ ನಡೆಸುತ್ತಿದ್ದ ಅಯ್ಯನೋರು ಮೆಲ್ಲಗೆ, "ಕರ್ತನು ನಿನ್ನ ಕೈಯನ್ನೇ ಉಪಯೋಗಿಸಿದನು, ಮಗಳೇ" ಎಂದರು. ಅದಕ್ಕೆ ನನಗೆ ಇನ್ನೂ ಉರಿಯಿತು. ಕೈ ನನ್ನದು, ಹೆಸರು ಅವನದು! ಅಪ್ಪ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಕಣ್ಣುಮುಚ್ಚಿ, "ಪ್ರಿಯರೇ" ಎಂದು ಮುಂದುವರಿಸಿದ.

ಅಪ್ಪ ಅವ್ವ ಇಬ್ಬರೂ ಈಗ ಮಣ್ಣಿನಲ್ಲಿದ್ದಾರೆ. ಹುಣಸೆ ತೋಪಿದ್ದಲ್ಲಿ ಬಸ್ಸುಗಳು ತಿರುಗುತ್ತವೆ. ಅಪ್ಪ ಎಬ್ಬಿಸಿದ ಗೋಡೆಗಳೂ ಒಂದೊಂದಾಗಿ ಬೀಳುತ್ತಿವೆ. ನಮಗೆಂದು ಕಟ್ಟಬೇಕೆಂದಿದ್ದ ಮನೆ ಏಳಲೇ ಇಲ್ಲ. ಅದರ ಬಾಗಿಲು ಯಾವ ದಿಕ್ಕಿಗೆಂದು ಬಲ್ಲವರು ಇಬ್ಬರೇ ಉಳಿದಿದ್ದೇವೆ, ನಾನು ಮತ್ತು ಅಪ್ಪನ ಆ ಕರ್ತನು.

ಆ ಸಾಕ್ಷಿಯ ಮರುದಿನ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತ. "ಬಾರವ್ವಾ, ಕೆಲಸದ ತಾವ ಕರ್ಕೊಂಡೋಯ್ತೀನಿ, ಮನೆ ಹೆಂಗೆ ಎದ್ದೈತೆ ನೋಡೀವಂತೆ" ಎಂದು ಕೈಚಾಚಿದ. ನಾನು ಅವ್ವನಿಂದ ಬುತ್ತಿಯ ಗಂಟು ಇಸಿದುಕೊಂಡು, ಅವನು ಹಿಡಿಯಲು ಕೈ ಬಿಡುವಿಲ್ಲದಂತೆ ಎರಡೂ ಕೈಯಿಂದ ಎದೆಗವಚಿ ಹಿಡಿದು, ಅವನ ಹಿಂದೆ ನಡೆದೆ.